ಏರಿಯಲ್ ಕಿತ್ತ ಮಧ್ಯಾಹ್ನ

ದುಂಡು ಚೌಕಟ್ಟಿನ ಎಡಗಾಜನ್ನು ಬಲಕ್ಕೂ ಬಲಗಾಜನ್ನು ಎಡಕ್ಕೂ ಕೂರಿಸಿಬಿಟ್ಟಿದ್ದೇನೆಂದು ಅವನಿಗೆ ಗೊತ್ತಾದದ್ದು, ಆ ಕನ್ನಡಕ ಹಾಕಿಕೊಂಡ ಮುದುಕಿ ಅಂಗಡಿಯ ಬಾಗಿಲಲ್ಲಿ ಇಲ್ಲದ ಮೆಟ್ಟಿಲೊಂದಕ್ಕೆ ಕಾಲು ಚಾಚಿ ಗೋಡೆ ಹಿಡಿದುಕೊಂಡು ನಿಂತಮೇಲೆ. "ಬರೋವಾಗ ಅಷ್ಟೋ ಇಷ್ಟೋ ಕಾಣ್ತಿತ್ತಪ್ಪಾ, ನೀನು ರಿಪೇರಿ ಮಾಡಿದ್ಮೇಲೆ ಅದೂ ಹೋಯ್ತು ನೋಡು," ಎಂದು ಆಕೆ ನಗುತ್ತಲೇ ಅಂದಳು. ಗಲ್ಲಾದ ಹಿಂದಿದ್ದ ಯಜಮಾನರೂ ನಕ್ಕು, "ಮೊದಲು ನಮ್ಮವರಿಗೇ ಒಂದು ಕನ್ನಡಕ ಹಾಕಿಸ್ಬೇಕು," ಎಂದರು. ಅವನೂ ನಕ್ಕ. ನಗದೆ ಸುಮ್ಮನಿದ್ದರೆ ಅವಮಾನ ಇನ್ನೂ ದೊಡ್ಡದಾಗಿ ಕಾಣುತ್ತದೆ ಎನ್ನುವಷ್ಟು ಲೋಕಜ್ಞಾನ ಅವನಿಗಿತ್ತು. ಗಾಜುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ. ಅವನ ಮನಸ್ಸು ಬೆಳಗಿನಿಂದ ಅಂಗಡಿಗೆ ಬಂದೇ ಇರಲಿಲ್ಲ. ಅದು ಮನೆಯ ಅಗ್ಗಿಷ್ಟಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಈಗ ಆರಿತೋ ಇನ್ನೂ ಇದೆಯೋ, ಈಗ ಆರಿತೋ ಇನ್ನೂ ಇದೆಯೋ ಎಂದು ಬೂದಿಯನ್ನೇ ನೋಡುತ್ತಿತ್ತು. "ಮಧ್ಯಾಹ್ನದ ಮೇಲೆ ರಜ ಬೇಕಿತ್ತು," ಎಂದ. "ತಗೊಳ್ಳಿ, ತಗೊಳ್ಳಿ, ಗಿರಾಕಿಗಳೂ ಬದುಕಿಕೊಳ್ತಾರೆ," ಎಂದರು ಯಜಮಾನರು. ಕೆಟ್ಟ ಮನುಷ್ಯರಲ್ಲ ಅವರು. ಹೆಂಡತಿ ಹೇಗಿದ್ದಾಳೆಂದು ಎರಡು ದಿನಕ್ಕೊಮ್ಮೆ ಕೇಳುತ್ತಿದ್ದರು.

ಹೆಂಡತಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ, ಈಗ ಮನೆಗೆ ಬಂದಿದ್ದಳು. ಮೈ ಬೆಚ್ಚಗಿರಬೇಕು, ಹೊಗೆ ಕುಡಿಯಬಾರದು, ಒಲೆಯ ಮುಂದೆ ಬಗ್ಗಿ ಕೂರಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೇಳುವುದಕ್ಕೇನು, ಮೂರು ಮಾತು. ಆದರೆ ಆ ಮನೆಯಲ್ಲಿ ಬಿಸಿಯೆಂದು ಇದ್ದದ್ದು ಗೋಡೆಯೊಳಗಿನ ಆ ಹಳೆಯ ಅಗ್ಗಿಷ್ಟಿಕೆ ಒಂದೇ. ಹೀಟರ್ ಹಾಕಿದರೆ ಇಡೀ ಕಟ್ಟಡದ ಫ್ಯೂಸು ಹೋಗಿ ಕೆಳಗಿನ ಮನೆಯವರು ಜಗಳಕ್ಕೆ ಮೇಲೆ ಬರುತ್ತಿದ್ದರು. ಆ ಬೆಂಕಿಯನ್ನು ಇಷ್ಟು ವರ್ಷ ಸಾಕಿದವಳು ಅವಳು. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಮಂಕಾದರೆ, ಅವಳು ಒಂದು ಕೈ ನೆಲಕ್ಕೂರಿ, ಕೆನ್ನೆಯನ್ನು ಹೆಚ್ಚುಕಡಿಮೆ ಕಲ್ಲಿಗೇ ಒತ್ತಿ, ಯಾರಿಗೋ ಗುಟ್ಟು ಹೇಳುವ ಹಾಗೆ ಉದ್ದಕ್ಕೆ ಒಂದು ಸಲ ಊದುತ್ತಿದ್ದಳು. ಬೆಂಕಿ ಎದ್ದು ಕೂರುತ್ತಿತ್ತು. ಅದು ಅಷ್ಟು ಸುಲಭ ಎಂದೇ ಅವನು ತಿಳಿದಿದ್ದ. ನಿನ್ನೆ ತಾನೇ ಊದಲು ಹೋಗಿ, ಸಾಲದೆಂದು ಒಂದು ರಟ್ಟಿನ ತುಂಡನ್ನು ಹಿಡಿದು ಜೋರಾಗಿ ಬೀಸಿದ್ದ. ಒಲೆಯೊಳಗಿದ್ದ ಬೂದಿಯೆಲ್ಲ ಎದ್ದು ಬಂದು, ಕುರ್ಚಿಯಲ್ಲಿ ಕೂತಿದ್ದ ಅವಳ ಮುಖಕ್ಕೇ ಹೊಡೆಯಿತು. ಅವಳು ಕೆಮ್ಮಿದಳು. ಕೆಮ್ಮಿ ಕೆಮ್ಮಿ ಕುರ್ಚಿಯ ಕೈ ಹಿಡಿದು ಮುದುಡಿಕೊಂಡಳು. ಗ್ರಹಚಾರ ನೋಡಿ, ಅವಳ ತೊಡೆಯ ಮೇಲೆ ಫೋನಿತ್ತು, ಫೋನಿನ ಆ ಕಡೆ ಅವಳ ಅಣ್ಣನಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡರು. "ನಾಳೆ ಸಂಜೆ ಬರ್ತೀನಿ. ಮನೆ ಹೀಗೇ ತಣ್ಣಗಿದ್ರೆ ಗುಬ್ಬೀನ ಕರ್ಕೊಂಡು ಹೋಗ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು," ಎಂದರು ಭಾವ. ಗುಬ್ಬಿ ಎನ್ನುವುದು ಅವಳಿಗೆ ತವರಿನ ಹೆಸರು. ಬೇಜಾರು ಮಾಡ್ಕೋಬಾರ್ದು ಎಂದು ಯಾರಾದರೂ ಹೇಳಿದ ಮೇಲೆ ಮನುಷ್ಯನಿಗೆ ಮಾಡಲು ಉಳಿಯುವ ಕೆಲಸ ಅದೊಂದೇ.

ಅಂಗಡಿಯಿಂದ ಹೊರಬಂದರೆ ರಸ್ತೆಯಲ್ಲಿ ಗಾಳಿ ಚಾಕುವಿನಂತಿತ್ತು. ಭಾವನ ಮನೆಯಲ್ಲಿ ಗೋಡೆಯೊಳಗೇ ಬಿಸಿನೀರಿನ ಕೊಳವೆಗಳಿವೆ. ಅಲ್ಲಿ ಯಾರೂ ಏನನ್ನೂ ಊದುವುದಿಲ್ಲ, ಬಗ್ಗುವುದಿಲ್ಲ, ಗೋಡೆ ತಾನಾಗಿ ಬೆಚ್ಚಗಿರುತ್ತದೆ. ಅವಳು ಅಲ್ಲಿಗೆ ಹೋದರೆ ಒಳ್ಳೆಯದೇ. ಹಾಗೆಂದು ತನಗೆ ತಾನೇ ಹೇಳಿಕೊಂಡು ಹತ್ತು ಹೆಜ್ಜೆ ನಡೆದ. ಹನ್ನೊಂದನೆಯದಕ್ಕೆ ನಿಂತ. ಹೋದವಳು ವಾಸಿಯಾಗುತ್ತಾಳೆ, ವಾಸಿಯಾದ ಮೇಲೆ ಚಳಿ ಕಳೆಯಲಿ ಎನ್ನುತ್ತಾರೆ, ಚಳಿ ಕಳೆದ ಮೇಲೆ ಅಲ್ಲಿನ ಸುಖ ರೂಢಿಯಾಗಿರುತ್ತದೆ. ಯಾಕೆ ಬರಬೇಕು ಅವಳು? ಇಲ್ಲಿ ಅವಳಿಗೆಂದು ಏನಿದೆ? ಒಂದು ಚಳಿಗಾಲ ಯಜಮಾನರನ್ನೂ ಅಂಗಡಿಯವರನ್ನೂ ಊಟಕ್ಕೆ ಕರೆದಿದ್ದು ನೆನಪಾಯಿತು. ಅವಳು ನೆಲಕ್ಕೆ ಬಗ್ಗಿ ಬೆಂಕಿ ಊದುತ್ತಿದ್ದಳು. ನಗಿಸಬೇಕೆಂಬ ಚಪಲ. "ಊದೋದ್ರಲ್ಲಿ ನಮ್ಮನೆಯವಳ ಮುಂದೆ ಯಾರೂ ಇಲ್ಲ. ಇವಳ ಬಾಯಿಗೆ ಹೆದರಿ ಚಿಮಣೀನೂ ಬಾಯಿ ಮುಚ್ಕೊಳ್ಳುತ್ತೆ," ಎಂದಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಹುಬ್ಬಿನ ಮೇಲೆ ಬೂದಿ ಅಂಟಿಸಿಕೊಂಡು. ಆ ಬೂದಿಯನ್ನು ಒರೆಸಿಕೊಳ್ಳಲು ಅವಳು ಸೆರಗು ಎತ್ತಿದ್ದು, ಸ್ವಲ್ಪ ಹೆಚ್ಚು ಹೊತ್ತು ಮುಖದ ಮೇಲೇ ಇಟ್ಟುಕೊಂಡದ್ದು ಅವನ ಕಣ್ಣಿಗೆ ಬಿದ್ದಿತ್ತು. ಮಾತಿನಲ್ಲಿ ಅದು ಬರಲಿಲ್ಲ, ಆ ರಾತ್ರಿಯೂ ಇಲ್ಲ, ಆಮೇಲೂ ಇಲ್ಲ. ಈಗ ಅವಳಿಗೆ ಊದಲು ಉಸಿರಿಲ್ಲ. ಅವನು ಸೌದೆ ಅಂಗಡಿಯ ಮುಂದೆ ನಿಂತು, ಒಣಗಿದ್ದನ್ನೇ ಕೊಡಿ ಎಂದು ಎರಡೆರಡು ಸಲ ಹೇಳಿ ಒಂದು ಕಟ್ಟು ತೆಗೆದುಕೊಂಡ.

ಮನೆಯಲ್ಲಿ ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಮಂಚದ ಪಕ್ಕದ ಮೇಜಿನ ಮೇಲೆ ಆಸ್ಪತ್ರೆಯಲ್ಲಿ ಉಸಿರಿನ ಅಭ್ಯಾಸಕ್ಕೆಂದು ಕೊಟ್ಟ, ಆಟಿಕೆಯಂಥ ಪ್ಲಾಸ್ಟಿಕ್ ಸಾಧನ ಇತ್ತು: ಮೂರು ಗೂಡು, ಮೂರು ಬಣ್ಣದ ಗುಂಡು. ಕೊಳವೆಯಲ್ಲಿ ಉಸಿರೆಳೆದರೆ ಗುಂಡುಗಳು ಮೇಲೇಳಬೇಕು. ಅವಳಿಗೆ ಒಂದೇ ಏಳುತ್ತಿತ್ತು. ಅವನು ನೋಡುತ್ತಿದ್ದರೆ ಅದೂ ಏಳುತ್ತಿರಲಿಲ್ಲ, ಅದಕ್ಕೆ ಅವನು ಬಂದ ಕೂಡಲೇ ಅವಳು ಅದರ ಮೇಲೆ ಟವೆಲ್ ಮುಚ್ಚಿಬಿಡುತ್ತಿದ್ದಳು. ಇವತ್ತು ನಿದ್ದೆಯಲ್ಲಿ ಮುಚ್ಚಿರಲಿಲ್ಲ. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಹೋಗುವುದನ್ನೂ ಬರುವುದನ್ನೂ ಅವನು ಬಾಗಿಲಲ್ಲಿ ನಿಂತು ನೋಡಿದ. ಎಷ್ಟು ಸಣ್ಣ ಉಸಿರು! ಅಂಗಡಿಯಲ್ಲಿ ಗಾಜಿನ ಮೇಲೆ ಹಾ ಎಂದು ಊದಿ ಒರೆಸುವಾಗ ಅವನು ಇದರ ನಾಲ್ಕರಷ್ಟನ್ನು ಸುಮ್ಮನೆ ಚೆಲ್ಲುತ್ತಿದ್ದ. ತಾನೇ ಟವೆಲ್ ತೆಗೆದು ಆ ಗುಂಡುಗಳ ಮೇಲೆ ಮುಚ್ಚಿ, ಮುಂದಿನ ಕೋಣೆಗೆ ಬಂದ.

ಅಗ್ಗಿಷ್ಟಿಕೆಯಲ್ಲಿ ಬೂದಿ ಮುಚ್ಚಿತ್ತು. ಕಡ್ಡಿಯಿಂದ ಕೆದಕಿದರೆ ಹಿಂದಿನ ಮೂಲೆಯಲ್ಲಿ ಅಡಿಕೆಯಷ್ಟು ಕೆಂಪು. ಬಗ್ಗಿ ಊದಿದ, ಬೂದಿ ಹಾರಿ ಕಣ್ಣಿಗೆ ಬಂತು, ಕೆಂಡ ಇದ್ದಲ್ಲಿಯೇ ಇತ್ತು. ಬಾಯಿಂದ ಬಿಟ್ಟ ಗಾಳಿ ಅಲ್ಲಿಗೆ ಮುಟ್ಟುವುದರೊಳಗೆ ಊರಗಲವಾಗುತ್ತದೆ. ಅಗಲವಾಗದ ಹಾಗೆ ಅದನ್ನು ಹಿಡಿದು ಅಲ್ಲಿವರೆಗೂ ಕರೆದುಕೊಂಡು ಹೋಗಬೇಕು. ಒಂದು ಕೊಳವೆ. ಉದ್ದ ಇರಬೇಕು, ಕೆಂಡದ ಹತ್ತಿರ ಸಣ್ಣಗಾಗಬೇಕು, ಸುಡಬಾರದು. ನಲ್ಲಿಯ ಪೈಪು ದಪ್ಪವಾಯಿತು. ಕೊಡೆಯ ಕೋಲು ಒಳಗೆ ಗಟ್ಟಿ. ಪೆನ್ನಿನ ಕೊಳವೆ ಎಂದುಕೊಂಡು, ಅದು ಕರಗುತ್ತದೆ ಪೆದ್ದೇ ಎಂದು ತನ್ನನ್ನೇ ಬೈದುಕೊಂಡ. ಅಡುಗೆಮನೆ, ಬಚ್ಚಲು, ಮೆಟ್ಟಿಲ ಕೆಳಗಿನ ಸಂದಿ ಎಲ್ಲ ಹುಡುಕಿ ಮತ್ತೆ ಒಳಕೋಣೆಗೆ ಬಂದಾಗ, ಕಿಟಕಿಯ ಕಟ್ಟೆಯ ಮೇಲೆ ಹಳೆಯ ಟ್ರಾನ್ಸಿಸ್ಟರ್ ಕಂಡಿತು. ಮದುವೆಯಲ್ಲಿ ಭಾವ ತಂಗಿಗೆ ಕೊಟ್ಟದ್ದು. ಅದರ ಏರಿಯಲ್ ಪೂರ್ತಿ ಎಳೆದು ಕಿಟಕಿಯ ಕಡೆ ವಾಲಿಸಿತ್ತು. ಒಂದರೊಳಗೊಂದು ಸೇರುವ ಏಳೆಂಟು ಬೆಳ್ಳಿಬಣ್ಣದ ಕೊಳವೆಗಳು, ಬುಡದಲ್ಲಿ ದಪ್ಪ, ತುದಿಯಲ್ಲಿ ಸೂಜಿಯ ಹಾಗೆ. ಅವನು ಬೆರಗಾಗಿ ನಿಂತ. ಹೇಳಿ ಮಾಡಿಸಿದ ಹಾಗಿತ್ತು. ರೇಡಿಯೋ ಕೆಟ್ಟು ಎಷ್ಟು ವರ್ಷವಾಯಿತೋ, ಅದರ ಸದ್ದು ಕೇಳಿದ ನೆನಪೇ ಅವನಿಗಿರಲಿಲ್ಲ. ಅದರ ಮೇಲೆ ಒಂದಿಷ್ಟೂ ಧೂಳಿರಲಿಲ್ಲ. ಅದು ಅವನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ದಿನವೆಲ್ಲ ಬೇರೆಯವರ ಕಣ್ಣು ನೇರ ಮಾಡುವವನ ಕಥೆ ಇದು, ದೀಪದ ಬುಡದಲ್ಲಿ ಕತ್ತಲೆ. ಕಳ್ಳನಂತೆ ರೇಡಿಯೋ ಎತ್ತಿಕೊಂಡು, ಕಾಲ ತುದಿಯಲ್ಲಿ ನಡೆದು ಮುಂದಿನ ಕೋಣೆಯ ಮೇಜಿನ ಮೇಲೆ ತಂದಿಟ್ಟ.

ಮುಂದಿನ ಕೆಲಸದಲ್ಲಿ ಅವನಿಗೆ ಬಹಳ ದಿನದಿಂದ ಸಿಗದಿದ್ದ ಸುಖ ಸಿಕ್ಕಿತು ಎಂದರೆ ಸುಳ್ಳಲ್ಲ. ಅಂಗಡಿಯ ಸಣ್ಣ ಸ್ಕ್ರೂಡ್ರೈವರು, ಸಣ್ಣ ಅರ, ಇಕ್ಕಳ ಅವನ ಕೋಟಿನ ಜೇಬಿನಲ್ಲೇ ಇರುತ್ತಿದ್ದವು. ಬುಡದ ಸ್ಕ್ರೂ ತುಕ್ಕು ಹಿಡಿದಿತ್ತು. ಒಂದು ತೊಟ್ಟು ಎಣ್ಣೆ ಬಿಟ್ಟು, ಕಾದು, ತಿರುಗಿಸಿದ. ಬರಲಿಲ್ಲ. ಕೀಲಿಗಿಂತ ಸ್ವಲ್ಪ ಮೇಲಕ್ಕೆ ಅರದಿಂದ ಸುತ್ತಲೂ ಗೀರು ಹಾಕಿ ಬಗ್ಗಿಸಿದ. ಟಕ್ ಎಂದು ಮುರಿದು ಬಂತು. ರೇಡಿಯೋದ ಮೇಲೆ ಒಂದು ಮೋಟು ಉಳಿಯಿತು. ತುದಿಯ ಗುಂಡಿಯನ್ನು ಉಜ್ಜಿ ತೆಗೆದ. ಎಲ್ಲಕ್ಕಿಂತ ಒಳಗಿನ ಕಡ್ಡಿ ಗಟ್ಟಿಯದು, ಅದನ್ನು ಹಿಂದಕ್ಕೆ ತಳ್ಳಿ ಬುಡದಿಂದ ಬೀಳಿಸಿದ. ಈಗ ಈ ಕೊನೆಯಿಂದ ಆ ಕೊನೆಗೆ ಟೊಳ್ಳು. ಕಣ್ಣಿಗೆ ಹಿಡಿದು ನೋಡಿದರೆ ಆ ತುದಿಯಲ್ಲಿ ಸಾಸಿವೆಯಷ್ಟು ಬೆಳಕು ಕಂಡಿತು. ಬಾಯಿಗೆ ಲೋಹ ಕೊರೆಯಬಾರದೆಂದು, ಕನ್ನಡಕದ ಕಡ್ಡಿಗೆ ಹಾಕುವ ಮೆತ್ತನೆಯ ರಬ್ಬರನ್ನು ಬುಡಕ್ಕೆ ತೊಡಿಸಿದ. ಅಂಗೈಯಗಲಕ್ಕೆ ಮಡಿಚಬಹುದು, ಎಳೆದರೆ ಕೈಯುದ್ದ. ಆಮೇಲೆ ಅಗ್ಗಿಷ್ಟಿಕೆಯಿಂದ ಒಂದು ಮೊಳ ದೂರ ಕೂತು, ತುದಿಯನ್ನು ಆ ಕೆಂಪಿನ ಹತ್ತಿರ ಹಿಡಿದು, ಮಗುವಿನ ಕಣ್ಣಿಗೆ ಬಿದ್ದ ಕಸಕ್ಕೆ ಊದುವಷ್ಟು ಊದಿದ. ಬೂದಿ ಅಲ್ಲಾಡಲಿಲ್ಲ. ಕೆಂಡ ಮಾತ್ರ ಕಿತ್ತಳೆಯಾಯಿತು. ಇನ್ನೊಂದು ಸಲ, ಹಳದಿಯಾಯಿತು. ಚಕ್ಕೆಯೊಂದನ್ನು ಒಡ್ಡಿದ, ಊದಿದ, ಚಕ್ಕೆಯ ಅಂಚು ಕಪ್ಪಾಗಿ, ಹೊಗೆಯಾಗಿ, ಭಗ್ ಎಂದು ಹತ್ತಿಕೊಂಡಿತು. "ಅಯ್ಯಾ!" ಎಂದು ಅವನು ಗಟ್ಟಿಯಾಗಿಯೇ ಕೂಗಿಬಿಟ್ಟ.

"ಏನಾಯ್ತ್ರೀ?" ಒಳಗಿಂದ ಅವಳ ದನಿ. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಬೆಂಕಿಯ ಬೆಳಕು ಅವಳ ಮುಖಕ್ಕೆ ಬಿದ್ದು, ನಿದ್ದೆಗಣ್ಣು ಅರಳಿತು. "ಅರೆ, ಹತ್ತಿಸಿಬಿಟ್ರಾ! ಬೂದಿ ಇಲ್ಲ, ಹೊಗೆ ಇಲ್ಲ..."

"ಕೂತ್ಕೋ, ಕೂತ್ಕೋ. ತೋರಿಸ್ತೀನಿ." ಅವನು ಕುರ್ಚಿಯನ್ನು ಅಗ್ಗಿಷ್ಟಿಕೆಯ ಹತ್ತಿರಕ್ಕೇ ಎಳೆದು ಹಾಕಿದ, ಕಂಬಳಿ ಹೊದಿಸಿದ. ಆ ಕೊಳವೆಯನ್ನು ಪೂರ್ತಿ ಎಳೆದು, ಮಡಿಚಿ, ಮತ್ತೆ ಎಳೆದು ತೋರಿಸಿದ. "ಭಾವ ಬರ್ಲಿ ಈಗ. ನೋಡ್ಲಿ. ನಾನೇ ಮಾಡಿದ್ದು. ಇದೇನು ಹೇಳು ನೋಡೋಣ?"

ಅವಳು ನೋಡಿದಳು. ಬಹಳ ಹೊತ್ತಲ್ಲ, ಆದರೆ ಅವಳ ಕಣ್ಣು ಕೊಳವೆಯಿಂದ ಮೇಜಿನ ಮೇಲಿದ್ದ ರೇಡಿಯೋಗೆ, ರೇಡಿಯೋದ ಮೋಟಿಗೆ, ಅಲ್ಲಿಂದ ಗೋಡೆಯ ಗಡಿಯಾರಕ್ಕೆ ಹೋಗಿ ಬಂದದ್ದನ್ನು ಅವನು ಕಂಡ. "ಚೆನ್ನಾಗಿದೆ ಕಣ್ರೀ," ಎಂದಳು. "ತುಂಬಾ ಚೆನ್ನಾಗಿ ಮಾಡಿದೀರಿ." ಕೈ ಚಾಚಿ ರೇಡಿಯೋವನ್ನು ತೊಡೆಯ ಮೇಲೆ ತೆಗೆದುಕೊಂಡಳು, ಕಾಲು ಮುರಿದ ಮರಿಯನ್ನು ಎತ್ತಿಕೊಂಡ ಹಾಗೆ. ಅದರ ಕಿವಿಯಂಥ ಗುಂಡಿ ತಿರುವಿದಳು. ಕೆಂಪು ದೀಪ ಹತ್ತಿತು. ಸೊರ್ ಎನ್ನುವ ಸದ್ದು, ಆ ಸದ್ದಿನ ತಳದಲ್ಲಿ ಎಲ್ಲೋ ಒಬ್ಬ ಮನುಷ್ಯ ಮಾತಾಡುತ್ತಿದ್ದ, ಏನೆಂದು ತಿಳಿಯಲಿಲ್ಲ. ಅವಳು ತಕ್ಷಣ ಆರಿಸಿದಳು.

"ಅದು ಕೆಟ್ಟಿರ್ಲಿಲ್ವಾ?"

"ಇಲ್ಲ."

"ನಾನು ಯಾವತ್ತೂ ಕೇಳೇ ಇಲ್ಲ."

"ಸಣ್ಣಗೆ ಇಟ್ಕೋತೀನಿ. ನೀವು ಬರೋದ್ರೊಳಗೆ ಮುಗಿಯುತ್ತೆ. ಸಂಜೆ ಹೊತ್ತು ಒಬ್ರು ಕಥೆ ಓದ್ತಾರೆ, ದಿನಾ ಸ್ವಲ್ಪ ಸ್ವಲ್ಪ." ಆಮೇಲೆ, ಅವನ ಮುಖ ನೋಡಿ, "ದೊಡ್ಡ ವಿಷಯ ಏನಲ್ಲ ಬಿಡಿ," ಎಂದಳು.

ಗೊರಗೊರ ನಿಲ್ಸು ಮಾರಾಯ್ತಿ, ತಲೆ ಚಿಟ್ಟು ಹಿಡಿಯುತ್ತೆ ಎಂದು ಎಂದೋ ಅಂದದ್ದು ತನ್ನದೇ ಬಾಯಿ. ನಿಲ್ಲಿಸಿದಳು ಎಂದು ತಿಳಿದಿದ್ದ. ನಿಲ್ಲಿಸಿರಲಿಲ್ಲ, ಸಣ್ಣದು ಮಾಡಿದ್ದಳು. ಇಷ್ಟು ವರ್ಷ ದಿನಾ ಸಂಜೆ ಈ ಮನೆಯಲ್ಲಿ ಒಬ್ಬರು ಕಥೆ ಓದುತ್ತಿದ್ದರು, ಅವಳು ಕಿವಿಗೊಟ್ಟು ಕೂತಿರುತ್ತಿದ್ದಳು, ಅವನ ಹೆಜ್ಜೆ ಮೆಟ್ಟಿಲಲ್ಲಿ ಕೇಳುವುದರೊಳಗೆ ಆರಿಸಿ, ಕಿಟಕಿಯ ಕಟ್ಟೆಗಿಟ್ಟು, ಧೂಳೊರೆಸಿ, ಬಂದು ಬಾಗಿಲು ತೆಗೆಯುತ್ತಿದ್ದಳು. ತನಗೆ ಕೇಳಿಸದ್ದನ್ನೆಲ್ಲ ಅವನು ಕೆಟ್ಟುಹೋಗಿದೆ ಎಂದುಕೊಂಡಿದ್ದ. ಇಲ್ಲಿ ಅವಳಿಗೆಂದು ಏನಿದೆ ಎಂದು ರಸ್ತೆಯಲ್ಲಿ ಕೇಳಿಕೊಂಡಿದ್ದನಲ್ಲ, ಇದ್ದದ್ದು ಅದೊಂದು. ಅದನ್ನು ತಾನೇ ಅರದಿಂದ ಗೀರಿ, ಟಕ್ಕೆಂದು ಮುರಿದು, ಅಯ್ಯಾ ಎಂದು ಕುಣಿದಿದ್ದಾನೆ. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ, ಅದೂ ಅವಳ ಮೂಗು. ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗ ಬಾಗಿಲ ಗಂಟೆ ಹೊಡೆಯಿತು.

ಭಾವ ಒಳಗೆ ಬಂದವರು ಮೊದಲು ಕೈಗವಸು ತೆಗೆದು ಗೋಡೆ ಮುಟ್ಟಿ ನೋಡಿದರು. ಡಾಕ್ಟರು ರೋಗಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಅಲ್ಲೊಮ್ಮೆ ಇಲ್ಲೊಮ್ಮೆ ಮುಟ್ಟಿದರು. "ಪರವಾಗಿಲ್ಲ," ಎಂದರು, ಅದರಿಂದ ಅವರಿಗೆ ಸ್ವಲ್ಪ ನಿರಾಸೆಯಾದಂತಿತ್ತು. ತಂಗಿಯ ಹಣೆ ಮುಟ್ಟಿದರು. "ಬಟ್ಟೆ ಜೋಡಿಸ್ಕೊಂಡಿದೀಯಾ ಗುಬ್ಬೀ? ಗಾಡಿ ಕೆಳಗೇ ನಿಲ್ಸಿದೀನಿ." ಆಗ ಅವರ ಕಣ್ಣು ಅವಳ ತೊಡೆಯ ಮೇಲೆ ಬಿತ್ತು. "ಇದು ನಾನು ಕೊಟ್ಟಿದ್ದಲ್ವಾ? ಏರಿಯಲ್ ಎಲ್ಲಿ ಹೋಯ್ತು?"

ಅವನು ಒಂದು ಹೆಜ್ಜೆ ಮುಂದೆ ಬಂದ. "ಭಾವ, ಅದು ನಾನು..."

"ನಾನೇ ತೆಗೆಸಿದೆ ಅಣ್ಣ," ಎಂದಳು ಅವಳು. "ಒಲೆ ಊದೋಕೆ ಬೇಕಿತ್ತು."

"ರೇಡಿಯೋ ಏರಿಯಲ್ ಮುರಿದು ಒಲೆ ಊದ್ತಾರಾ?"

"ನಮ್ಮನೇಲಿ ಊದ್ತೀವಿ."

ನಮ್ಮನೇಲಿ ಎಂಬ ಆ ಮಾತು ಅವನ ಎದೆಗೆ ಹೋಗಿ ಕೂತಿತು, ತನಗೆ ಅರ್ಹತೆಯಿಲ್ಲದ ಬಹುಮಾನದ ಹಾಗೆ. ಅವನು ಟೀ ತಂದುಕೊಟ್ಟ. ಭಾವ ಕುಡಿಯುತ್ತಾ, ಬೆಚ್ಚನೆಯ ಕೋಣೆ, ಕಿಟಕಿಯ ಪಕ್ಕ ಮಂಚ, ನೋಡಿಕೊಳ್ಳಲು ಅತ್ತಿಗೆ ಎಂದು ಒಂದೊಂದಾಗಿ ಹೇಳಿದರು. ಒಂದೂ ಸುಳ್ಳಲ್ಲ, ಒಂದರಲ್ಲೂ ಕೆಡುಕಿಲ್ಲ. ಮಾತು ಬೆಳೆದ ಹಾಗೆ ಬೆಂಕಿ ಇಳಿಯಿತು. ಚಕ್ಕೆಗಳು ಉರಿದು ಕುಸಿದವು, ದೊಡ್ಡ ಕೊರಡು ಹತ್ತುವ ಮೊದಲೇ ಮಂಕಾಗತೊಡಗಿತು. ಕೊಳವೆ ಮೇಜಿನ ಮೇಲೇ ಇತ್ತು. ಅವನು ಎದ್ದು ತೆಗೆದುಕೊಳ್ಳಬೇಕಿತ್ತು, ಕೈ ಹೋಗಲಿಲ್ಲ. ಅದನ್ನು ಬಾಯಿಗಿಡುವುದೆಂದರೆ ಅವಳ ಸಂಜೆಯನ್ನೇ ಬಾಯಿಗಿಟ್ಟು ಊದಿದಂತೆ ಎನಿಸಿತು. ಭಾವನೂ ಬೆಂಕಿಯನ್ನು ನೋಡಿದರು, ಅವನನ್ನು ನೋಡಿದರು, ಟೀ ಲೋಟ ಕೆಳಗಿಟ್ಟರು. "ನೋಡಿದ್ಯಾ ಗುಬ್ಬೀ?" ಎಂದರು ಮೆತ್ತಗೆ. ಹೋಗಲಿ, ಕರೆದುಕೊಂಡು ಹೋಗಲಿ ಎಂದುಕೊಂಡು ಅವನು ನೆಲ ನೋಡುತ್ತಾ ಕೂತ.

ಕರ್ ಕರ್ ಎಂದು ಸದ್ದಾಯಿತು. ತಲೆಯೆತ್ತಿದರೆ ಅವಳು ಕೊಳವೆಯನ್ನು ಎಳೆಯುತ್ತಿದ್ದಳು, ಒಂದೊಂದೇ ಗೆಣ್ಣು. ಪೂರ್ತಿ ಎಳೆದಾಗ ಅದು ಕುರ್ಚಿಯಿಂದ ಅಗ್ಗಿಷ್ಟಿಕೆಯ ಒಳಗಿನವರೆಗೂ ಮುಟ್ಟಿತು. ಅವಳು ಬಗ್ಗಲಿಲ್ಲ, ಏಳಲಿಲ್ಲ. ಬೆನ್ನು ಕುರ್ಚಿಗೆ ಒರಗಿಸಿಕೊಂಡೇ ರಬ್ಬರನ್ನು ತುಟಿಗಿಟ್ಟಳು.

"ಅವಳಿಗೆ ಊದೋಕೆ ಬಿಡ್ತೀರಾ?" ಎಂದು ಭಾವ ಅರ್ಧ ಎದ್ದರು.

"ಸುಮ್ನಿರಣ್ಣ." ಅವಳು ಮೂಗಿನಿಂದ ಉಸಿರೆಳೆದುಕೊಂಡು ಬಿಟ್ಟಳು. ಒಂದು ಗುಂಡನ್ನು ಮಾತ್ರ ಎತ್ತಬಲ್ಲಂಥ ಉಸಿರು. ಆದರೆ ಅದು ಎಲ್ಲೂ ಚೆಲ್ಲದೆ, ಅಗಲವಾಗದೆ, ಒಂದರೊಳಗೊಂದು ಕೊಳವೆ ದಾಟಿಕೊಂಡು ಹೋಗಿ ಕೊರಡಿನ ಬುಡ ಮುಟ್ಟಿತು. ಅಲ್ಲಿ ಒಂದು ಚುಕ್ಕೆ ಕೆಂಪಾಯಿತು. ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲಿ ಊದಬೇಕು, ಎಷ್ಟು ಕಾಯಬೇಕು ಎಲ್ಲ ಅವಳದೇ ವಿದ್ಯೆ. ಕಾದಳು, ಉಸಿರು ಸುಧಾರಿಸಿಕೊಂಡಳು, ಮತ್ತೆ ಊದಿದಳು. ಕೆಂಪು ಕೊರಡಿನ ಮೈಮೇಲೆ ತೆವಳಿ, ಒಂದು ಕಡೆ ನೀಲಿಯಾಗಿ, ಹತ್ತಿಕೊಂಡಿತು. ಅವಳು ಕೊಳವೆ ಇಳಿಸಿ ಅಣ್ಣನ ಕಡೆ ತಿರುಗಿದಳು. ಕೆನ್ನೆಗೆ ಬಣ್ಣ ಬಂದಿತ್ತು. ಅವನು ತಾನು ಬೆಂಕಿ ಹತ್ತಿಸಲಿಕ್ಕೆಂದು ಇದನ್ನು ಮಾಡಿಕೊಂಡಿದ್ದ. ಇದು ಅವಳಿಗಾಗಿ ಎಂದು ಅವನಿಗೇ ಹೊಳೆದಿರಲಿಲ್ಲ.

"ಅಲ್ಲಿ ಗೋಡೆ ತಾನೇ ಬೆಚ್ಚಗಿರುತ್ತೆ ಅಣ್ಣ. ಅಲ್ಲಿ ನಾನೇನು ಮಾಡ್ಲಿ?" ಎಂದಳು. "ಇಲ್ಲೇ ಇರ್ತೀನಿ. ಅತ್ತಿಗೇನ ಭಾನುವಾರ ಕರ್ಕೊಂಡು ಬಾ."

ಅರ್ಧ ಎದ್ದಿದ್ದ ಭಾವ ಪೂರ್ತಿ ಎದ್ದರು. ಆಮೇಲೆ ಕೈಗವಸು ಹಾಕಿಕೊಂಡು, ಬಾಗಿಲ ಹತ್ತಿರ ಅವನ ಭುಜ ಒತ್ತಿ, "ಮುಂದಿನ ಸಲ ಏನಾದ್ರೂ ಬೇಕಿದ್ರೆ ನನ್ನ ಗಾಡಿದೂ ಒಂದು ಏರಿಯಲ್ ಇದೆ," ಎಂದು ಹೇಳಿ ಇಳಿದು ಹೋದರು.

ಇಬ್ಬರೇ ಉಳಿದರು. ಅವಳು ಗಡಿಯಾರ ನೋಡಿದಳು, ನೋಡಲೇ ಇಲ್ಲವೆನ್ನುವ ಹಾಗೆ ಕಂಬಳಿ ಸರಿಮಾಡಿಕೊಂಡಳು. ಅವನು ಹೋಗಿ ರೇಡಿಯೋದ ಕಿವಿ ತಿರುವಿದ. ಸೊರ್ ಎಂದಿತು. "ನಾಳೆ ಹೊಸ ಏರಿಯಲ್ ಹಾಕಿಸ್ತೀನಿ," ಎಂದ. "ನಾಳೆ ಬೆಳಿಗ್ಗೇನೇ."

"ಹಾಕ್ಸಿ. ಅವಸರ ಇಲ್ಲ."

ಅವನು ಆ ಮೋಟನ್ನು ನೋಡಿದ. ಮುರಿದ ಜಾಗ ಒರಟಾಗಿತ್ತು, ಕೈ ತಾಗಿದರೆ ಗೀರುತ್ತದೆ, ಸ್ವಲ್ಪ ಉಜ್ಜಬೇಕು ಎಂದು ಅಭ್ಯಾಸಬಲದಿಂದ ಬೆರಳಿಟ್ಟ. ಕೋಣೆಯಲ್ಲಿ ಯಾರೋ ಮಾತಾಡಿದರು. "...ದೋಣಿಯವನು ಆ ದಡದಲ್ಲೇ ನಿಂತು ನೋಡಿದ," ಎಂದಿತು ಒಬ್ಬ ಮುದುಕನ ತುಂಬು ದನಿ, ಪಕ್ಕದಲ್ಲೇ ಕೂತಿರುವಷ್ಟು ಸ್ಪಷ್ಟವಾಗಿ. ಅವನು ಬೆಚ್ಚಿ ಕೈ ತೆಗೆದ. ಸೊರ್. ಮತ್ತೆ ಇಟ್ಟ. "...ನೀರು ಇನ್ನೂ ಏರುತ್ತಿತ್ತು..." ಅವಳು ನಕ್ಕುಬಿಟ್ಟಳು. ಆಸ್ಪತ್ರೆಗೆ ಹೋದಾಗಿನಿಂದ ಆ ನಗು ಕೇಳಿರಲಿಲ್ಲ.

"ತೆಗೀಬೇಡಿ," ಎಂದಳು.

ಅವನು ಬಗ್ಗಿದ ಹಾಗೇ, ಒಂದು ಬೆರಳನ್ನು ಮೋಟಿನ ಮೇಲಿಟ್ಟುಕೊಂಡು ನಿಂತ. ಸ್ವಲ್ಪ ಹೊರಳಿದರೂ ದನಿ ಮಸುಕಾಗುತ್ತಿತ್ತು. ಬೆಂಕಿ ಮಂಕಾದಾಗ ಅವಳು ಕಣ್ಣನ್ನು ರೇಡಿಯೋದಿಂದ ಕೀಳದೆಯೇ ಕೊಳವೆ ಚಾಚಿ ಒಮ್ಮೆ ಊದಿದಳು. ಅವನಿಗೆ ಹೇಳಬೇಕಾದದ್ದೆಲ್ಲ ಒಟ್ಟಿಗೆ ನೆನಪಾಯಿತು: ಅವತ್ತಿನ ಊಟ, ಹುಬ್ಬಿನ ಮೇಲಿನ ಬೂದಿ, ಗೊರಗೊರ. "ನೋಡು, ನಾನು..." ಎಂದ.

"ಶ್. ಮಾತಾಡಬೇಡಿ. ಕೇಳಿ."

ಕೇಳಿದ. ದೋಣಿಯವನು ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದ, ಆ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. "ಯಾರನ್ನ ಕರೀತಿದಾನೆ?" ಎಂದು ಅವನು ಪಿಸುಗುಟ್ಟಿದ.

"ಆಮೇಲೆ ಹೇಳ್ತೀನಿ," ಎಂದಳು ಅವಳು. "ಮೊದಲಿಂದ ಹೇಳ್ಬೇಕು, ತುಂಬಾ ಇದೆ."

ಅವನ ಸೊಂಟ ನೋಯುತ್ತಿತ್ತು. ಅವನು ಅಲ್ಲಾಡಲಿಲ್ಲ.